ಬಿದ್ದು ಎದ್ದ ಬಾಲಿ: ಲೆಕ್ಕ ತಪ್ಪಿದ್ದೆಲ್ಲಿ?

2019ರಲ್ಲಿ ಇಂಡೊನೇಷ್ಯದ ಬಾಲಿ ದ್ವೀಪಕ್ಕೆ ಬಂದ ವಿದೇಶಿ ಪ್ರವಾಸಿಗರು 62 ಲಕ್ಷಕ್ಕೂ ಹೆಚ್ಚು. 2021ರ ಇಡೀ ವರ್ಷದಲ್ಲಿ ನೇರವಾಗಿ ಬಾಲಿಗೆ ಬಂದಿಳಿದವರು, ಸರ್ಕಾರಿ ದಾಖಲೆಯ ಪ್ರಕಾರ, 51. ಐವತ್ತೊಂದು ಸಾವಿರವಲ್ಲ, ಐವತ್ತೊಂದು ಮಂದಿ. ನಮ್ಮ ಒಂದು ಕೆಂಪು ಬಸ್ಸಿನಲ್ಲಿ ಕೂರಿಸಿ ದ್ವೀಪ ಸುತ್ತಿಸಿ ತರಬಹುದಾದಷ್ಟು ಜನ.

ಕೊರೊನಾ ಕಾಲದಲ್ಲಿ ಪ್ರಪಂಚದ ಎಲ್ಲ ಪ್ರವಾಸಿ ತಾಣಗಳೂ ಬಣಗುಟ್ಟಿದವು, ನಿಜ. ಆದರೆ ದುಡಿಮೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನೇರವಾಗಿಯೋ ಬಳಸುದಾರಿಯಲ್ಲೋ ಪ್ರವಾಸಿಗರ ಕಿಸೆಯಿಂದಲೇ ನಿರೀಕ್ಷಿಸುವ ಊರಿಗೆ ಇದು ಬರಿಯ ನಷ್ಟವಲ್ಲ, ಉಸಿರುಕಟ್ಟು. 2020ರಲ್ಲಿ ಬಾಲಿಯ ಆರ್ಥಿಕತೆ ಶೇ. 9ಕ್ಕೂ ಹೆಚ್ಚು ಕುಸಿಯಿತು. ಹೋಟೆಲಿನ ಕೆಲಸ ಕಳೆದುಕೊಂಡ ಯುವಕರು ಅಪ್ಪಂದಿರ ಗದ್ದೆಗೆ ಮರಳಿದರು. ಮರಳಲು ಗದ್ದೆ ಉಳಿದಿದ್ದವರು, ಎಂದು ತಿದ್ದಿ ಹೇಳಬೇಕು. ಎಷ್ಟೋ ಮನೆಗಳಲ್ಲಿ ಆ ಗದ್ದೆಯ ಮೇಲೆ ಅಷ್ಟರಲ್ಲಾಗಲೇ ಈಜುಕೊಳವಿರುವ ವಿಲ್ಲಾ ಎದ್ದಿತ್ತು.

ಬಾಲಿ ಹೀಗೆ ಮುಗ್ಗರಿಸಿದ್ದು ಅದೇ ಮೊದಲೇನಲ್ಲ. ಇಪ್ಪತ್ತು ವರ್ಷಗಳಲ್ಲಿ ಎರಡು ಸಲ ಬಾಂಬ್ ಸಿಡಿದಿದೆ, ಒಂದು ಸಲ ಜ್ವಾಲಾಮುಖಿ ಭುಸುಗುಟ್ಟಿದೆ, ಒಂದು ಸಲ ಮಹಾಮಾರಿ ಬಂದಿದೆ. ಪ್ರತಿ ಸಲವೂ ದ್ವೀಪ ಎದ್ದು ನಿಂತಿದೆ. ಪ್ರತಿ ಸಲವೂ ಪ್ರವಾಸಿಗರ ಸಂಖ್ಯೆ ಹಿಂದಿನ ದಾಖಲೆಯನ್ನು ಮೀರಿದೆ. ಪ್ರವಾಸೋದ್ಯಮದ ಪಾಠ ಹೇಳುವವರಿಗೆ ಬಾಲಿಯೆಂದರೆ ಚೇತರಿಕೆಯ ಮಾದರಿ. ಆದರೆ ಚೇತರಿಸಿಕೊಂಡದ್ದು ಯಾವುದು ಎಂಬುದು ಬೇರೆಯೇ ಪ್ರಶ್ನೆ.

ತೆಂಗಿನ ಮರದ ಎತ್ತರ

ವಿಸ್ತೀರ್ಣದಲ್ಲಿ ನಮ್ಮ ಕೊಡಗು ಜಿಲ್ಲೆಗಿಂತ ಒಂದಿಷ್ಟು ದೊಡ್ಡದಾದ ಈ ದ್ವೀಪದಲ್ಲಿ ಸುಮಾರು 43 ಲಕ್ಷ ಜನರಿದ್ದಾರೆ. ಮುಸ್ಲಿಮರೇ ಬಹುಸಂಖ್ಯಾತರಾದ ದೇಶದಲ್ಲಿ ಇಲ್ಲಿನ ಪ್ರತಿ ನೂರರಲ್ಲಿ ಎಂಬತ್ತೈದಕ್ಕೂ ಹೆಚ್ಚು ಮಂದಿ ಹಿಂದೂಗಳು. ಪ್ರವಾಸೋದ್ಯಮ ಬಾಲಿಗೆ ಡಚ್ಚರ ಆಳ್ವಿಕೆಯಲ್ಲಿಯೇ ಬಂದಿತ್ತಾದರೂ ದೊಡ್ಡ ಪ್ರಮಾಣದಲ್ಲಿ ಕಾಲಿಟ್ಟದ್ದು 1966ರಲ್ಲಿ. ಆ ವರ್ಷ ಸಾನೂರ್ ಕಡಲತೀರದಲ್ಲಿ ಹತ್ತು ಅಂತಸ್ತಿನ ಬಾಲಿ ಬೀಚ್ ಹೋಟೆಲ್ ತೆರೆಯಿತು. ಎರಡನೆಯ ಮಹಾಯುದ್ಧದ ಪರಿಹಾರವಾಗಿ ಜಪಾನ್ ಕೊಟ್ಟ ಹಣದಲ್ಲಿ ಕಟ್ಟಿದ್ದು. ಗುಡಿಗೋಪುರಗಳನ್ನೂ ತೆಂಗಿನ ತೋಟಗಳನ್ನೂ ಕೆಳಗೆ ಮಾಡಿ ನಿಂತ ಆ ಕಟ್ಟಡ ಜನರಿಗೆ ಸರಿಬರಲಿಲ್ಲ. ಮುಂದೆ ಯಾವ ಕಟ್ಟಡವೂ ತೆಂಗಿನ ಮರಕ್ಕಿಂತ ಎತ್ತರವಿರಕೂಡದು ಎಂಬ ನಿಯಮ ಬಂತು. ಕಾನೂನಿನ ಭಾಷೆಯಲ್ಲಿ ಅದು 15 ಮೀಟರು. ಇಂದಿಗೂ ಬಾಲಿಯಲ್ಲಿ ಗಗನಚುಂಬಿಗಳಿಲ್ಲದಿರುವುದಕ್ಕೆ ಈ ತೆಂಗಿನ ಮರವೇ ಕಾರಣ. ಆದರೆ ಮೇಲಕ್ಕೆ ಬೆಳೆಯಲಾಗದ್ದು ಅಡ್ಡಡ್ಡ ಬೆಳೆಯುತ್ತದೆ ಎಂಬುದನ್ನು ಆಗ ಯಾರೂ ಎಣಿಸಿದಂತಿಲ್ಲ.

1969ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಾಯಿತು. 1971ರಲ್ಲಿ ಫ್ರೆಂಚ್ ಸಲಹೆಗಾರರು ಒಂದು ಯೋಜನೆ ಮಾಡಿಕೊಟ್ಟರು. ಅದರ ತಿರುಳು ಸರಳ: ಐಷಾರಾಮಿ ಹೋಟೆಲುಗಳನ್ನೆಲ್ಲ ದಕ್ಷಿಣ ತುದಿಯಲ್ಲಿ, ಬೇಸಾಯಕ್ಕೆ ಒಗ್ಗದ ನೂಸಾ ದುವಾದ ಒಣ ನೆಲದಲ್ಲಿ ಒಂದೆಡೆ ಕೂಡಿಹಾಕುವುದು, ಪ್ರವಾಸಿಗರು ಅಲ್ಲಿಂದ ಹೊರಟು ಗದ್ದೆ, ಗುಡಿ, ನೃತ್ಯಗಳನ್ನು ನೋಡಿ ಸಂಜೆಗೆ ಹಿಂದಿರುಗುವುದು. ಹೀಗಾದರೆ ಹಣವೂ ಬರುತ್ತದೆ, ಹಳ್ಳಿಯೂ ಕೆಡುವುದಿಲ್ಲ ಎಂಬ ಎಣಿಕೆ. ಯೋಜನೆ ಕಾಗದದ ಮೇಲೆ ಇರುವಾಗಲೇ ಕುಟಾ ಎಂಬ ಮೀನುಗಾರರ ಹಳ್ಳಿಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ತರುಣರು ಬಾಡಿಗೆ ಕೋಣೆ ಹುಡುಕತೊಡಗಿದ್ದರು. ಅಲೆಯ ಮೇಲೆ ಹಲಗೆ ಹಾಕಿ ಜಾರುವ ಆಸ್ಟ್ರೇಲಿಯದವರಿಗೆ ಅದು ಸ್ವರ್ಗವಾಯಿತು. ನಕ್ಷೆಯಲ್ಲಿ ಎಳೆದ ಗೆರೆಯನ್ನು ಜನ ಮೊದಲ ದಿನವೇ ದಾಟಿದ್ದರು.

ಅಕ್ಟೋಬರ್ 12ರ ರಾತ್ರಿ

ಆ ಕುಟಾದ ಲೆಗಿಯಾನ್ ರಸ್ತೆಯಲ್ಲಿ 2002ರ ಅಕ್ಟೋಬರ್ 12ರ ಶನಿವಾರ ರಾತ್ರಿ ಹನ್ನೊಂದು ದಾಟಿದ ಮೇಲೆ ಮೊದಲು ಪ್ಯಾಡೀಸ್ ಪಬ್‌ನಲ್ಲಿ, ಕೆಲವೇ ಕ್ಷಣಗಳಲ್ಲಿ ಎದುರಿನ ಸಾರಿ ಕ್ಲಬ್ ಮುಂದೆ ಬಾಂಬ್ ಸಿಡಿದವು. ಸತ್ತವರು 202. ಅವರಲ್ಲಿ 88 ಮಂದಿ ಆಸ್ಟ್ರೇಲಿಯದವರು, 38 ಮಂದಿ ಇಂಡೊನೇಷ್ಯದವರೇ. ಪ್ರವಾಸಿಗರು ಸಿಕ್ಕ ವಿಮಾನ ಹಿಡಿದು ಹೊರಟುಹೋದರು. ಹೋಟೆಲುಗಳ ಸಾಲು ಸಾಲು ಕೋಣೆಗಳು ಖಾಲಿಯಾದವು.

ಇಂಥ ಸಂದರ್ಭದಲ್ಲಿ ಮೊದಲು ಸೊರಗುವವರು ಹೋಟೆಲಿನ ಒಡೆಯರಲ್ಲ. ಕಡಲತೀರದಲ್ಲಿ ಲುಂಗಿ ಮಾರುವ ಹೆಂಗಸು, ಬಾಡಿಗೆ ಕಾರಿನ ಚಾಲಕ, ದೂರದ ಹಳ್ಳಿಯಲ್ಲಿ ಕುಳಿತು ಮರದ ಬೊಂಬೆ ಕೆತ್ತುವವ, ಹೋಟೆಲಿಗೆ ತರಕಾರಿ ಕಳಿಸುವ ಗುಡ್ಡಗಾಡಿನ ರೈತ, ಇವರ ಒಲೆ ಮೊದಲು ಆರುತ್ತದೆ. ಕುಟಾದ ಹೆಸರನ್ನೇ ಕೇಳದ ಪ್ರವಾಸಿಯೂ ಇವರಿಗೆ ಅನ್ನದಾತ.

ಬಾಂಬ್ ಇಟ್ಟವರು ಜಾವಾದ ಮುಸ್ಲಿಂ ಉಗ್ರರೆಂದು ಗೊತ್ತಾದಾಗ ದ್ವೀಪದಲ್ಲಿ ಪ್ರತೀಕಾರದ ದಂಗೆ ಏಳಬಹುದೆಂಬ ಭಯವಿತ್ತು. ಏಳಲಿಲ್ಲ. ಕುಟಾದಲ್ಲಿ ಗಾಯಾಳುಗಳನ್ನು ಹೊತ್ತು ಸಾಗಿಸಿದವರಲ್ಲಿ ಅಲ್ಲಿಯ ಮುಸ್ಲಿಮರೂ ಇದ್ದರು. ಊರ ಹಿರಿಯರು ಹಾಗೂ ಪುರೋಹಿತರು ಈ ದುರಂತವನ್ನು ಓದಿದ ರೀತಿ ಬೇರೆ: ಇದು ಹೊರಗಿನವರ ಕ್ರೌರ್ಯವಷ್ಟೇ ಅಲ್ಲ, ನಮ್ಮ ನೆಲದಲ್ಲೂ ಸಮತೋಲ ತಪ್ಪಿದೆ, ಹಣದ ಆಸೆಯಲ್ಲಿ ನಾವೂ ಏನನ್ನೋ ಮರೆತಿದ್ದೇವೆ. ದೇವರು, ಮನುಷ್ಯ, ಪ್ರಕೃತಿ ಈ ಮೂರರೊಡನೆಯೂ ಸಾಮರಸ್ಯವಿದ್ದರೇ ಕ್ಷೇಮ ಎಂಬ 'ತ್ರಿ ಹಿತ ಕರಣ'ದ ಮಾತು ಆಗ ಮತ್ತೆ ಎಲ್ಲರ ಬಾಯಲ್ಲೂ ಬಂತು. ನವೆಂಬರ್ 15ರಂದು ಬಾಂಬ್ ಸಿಡಿದ ಸ್ಥಳದಲ್ಲಿಯೇ 'ಪಮರಿಸುದ್ಧ ಕರಿಪುಭಯ' ಎಂಬ ದೊಡ್ಡ ಶುದ್ಧಿಕರ್ಮ ನಡೆಯಿತು. ಹೆಸರಿನಲ್ಲಿರುವ ಪರಿಶುದ್ಧಿ, ರಿಪು, ಭಯ ಎಂಬ ಪದಗಳು ಕನ್ನಡಿಗರ ಕಿವಿಗೂ ತಾಕುತ್ತವೆ.

ಶುದ್ಧಿಯಾಯಿತು. ಮುಂದೇನು? ಇನ್ನು ಮೇಲೆ ಬೇಸಾಯಕ್ಕೆ, ಕರಕುಶಲ ಕಲೆಗೆ, ಶಿಕ್ಷಣಕ್ಕೆ ಒತ್ತು ಕೊಡಬೇಕು, ಒಂದೇ ಕಾಲಿನ ಮೇಲೆ ನಿಲ್ಲಬಾರದು ಎಂದು ಆಗಲೇ ಬಹಳ ಮಂದಿ ಹೇಳಿದರು. ಕೆಲಸ ನಡೆದದ್ದು ಮಾತ್ರ ಬೇರೆ ದಿಕ್ಕಿನಲ್ಲಿ. ದರ ಇಳಿಸಿ ಗಿರಾಕಿಗಳನ್ನು ಕರೆದರು. ದೇಶದೊಳಗಿನವರು ತಿರುಗಾಡಲೆಂದು ಸರ್ಕಾರ ಹಬ್ಬದ ರಜೆಗಳ ಜೊತೆ ಇನ್ನೊಂದೆರಡು ದಿನ ಸೇರಿಸಿ 'ಜಂಟಿ ರಜೆ' ಕೊಡತೊಡಗಿತು. 2003ರ ಅಕ್ಟೋಬರಿನಲ್ಲಿ ಆಸಿಯಾನ್ ಶೃಂಗಸಭೆಯನ್ನು ಬಾಲಿಯಲ್ಲೇ ಕೂಡಿಸಿ, ಇದು ಸುರಕ್ಷಿತ ಜಾಗ ಎಂದು ಜಗತ್ತಿಗೆ ಸಾರಿದರು. ಆ ವರ್ಷ ಇರಾಕ್ ಯುದ್ಧ, ಸಾರ್ಸ್ ಕಾಯಿಲೆಗಳ ಹೊಡೆತವೂ ಸೇರಿ ವಿದೇಶಿ ಪ್ರವಾಸಿಗರು ಹತ್ತು ಲಕ್ಷಕ್ಕೆ ಇಳಿದಿದ್ದರು. 2004ರಲ್ಲಿ ಹದಿನಾಲ್ಕೂವರೆ ಲಕ್ಷಕ್ಕೆ ಏರಿದರು. 2005ರ ಅಕ್ಟೋಬರ್ 1ರಂದು ಜಿಂಬರನ್ ಮತ್ತು ಕುಟಾದಲ್ಲಿ ಮತ್ತೆ ಬಾಂಬ್, 20 ಸಾವು, ಮತ್ತೆ ಇಳಿತ. ಆಮೇಲೆ ಏರಿದ್ದು ಏರಿದ್ದೇ: 2010ರಲ್ಲಿ ಸುಮಾರು 25 ಲಕ್ಷ, 2015ರಲ್ಲಿ 40 ಲಕ್ಷ, 2019ರಲ್ಲಿ 62 ಲಕ್ಷ.

ಕಟ್ಟಡವೇ ಖಜಾನೆ

ಇಷ್ಟು ಏಟು ತಿಂದ ಮೇಲೂ ದ್ವೀಪ ಅದೇ ಹಾದಿ ಹಿಡಿದದ್ದೇಕೆ? ದುರಾಸೆ ಎಂದುಬಿಡುವುದು ಸುಲಭ. ಆದರೆ ಆಡಳಿತದ ಲೆಕ್ಕಪುಸ್ತಕದಲ್ಲಿ ಇನ್ನೊಂದು ಕಾರಣ ಸಿಗುತ್ತದೆ. ಸುಹಾರ್ತೊ ಪತನದ ನಂತರ 1999ರಲ್ಲಿ ಮಾಡಿದ ಕಾನೂನು 2001ರಲ್ಲಿ ಜಾರಿಗೆ ಬಂದು, ಅಧಿಕಾರ ಜಕಾರ್ತಾದಿಂದ ಜಿಲ್ಲೆಗಳಿಗೆ ಹರಿಯಿತು. ಪ್ರಾಂತ್ಯದ ಗವರ್ನರಿಗಿಂತ ಜಿಲ್ಲೆಯ ಮುಖ್ಯಸ್ಥನೇ ಬಲಿಷ್ಠನಾದ. ಹೋಟೆಲು, ಉಪಾಹಾರಗೃಹಗಳ ಬಿಲ್ಲಿನ ಮೇಲಿನ ಶೇ. 10ರ ತೆರಿಗೆ ಜಿಲ್ಲೆಯ ಬೊಕ್ಕಸಕ್ಕೆ. ಕುಟಾ, ನೂಸಾ ದುವಾಗಳಿರುವ ಬಾಡುಂಗ್ ಜಿಲ್ಲೆ ಇದರಿಂದಲೇ ಶ್ರೀಮಂತವಾಯಿತು. ಪೂರ್ವದ ಕರಂಗಾಸೆಮ್, ಕಡಲೇ ಇಲ್ಲದ ಬಂಗ್ಲಿ ಜಿಲ್ಲೆಗಳು ಬಡವಾಗಿಯೇ ಉಳಿದವು. ಬಡ ಜಿಲ್ಲೆಯವನಿಗೆ ಬಾಡುಂಗ್ ಕಣ್ಣೆದುರಿನ ಆದರ್ಶ. ಶಾಲೆ, ರಸ್ತೆ, ಆಸ್ಪತ್ರೆಗೆ ಹಣ ಬೇಕಾದರೆ ಹೋಟೆಲಿಗೆ ಅನುಮತಿ ಕೊಡಬೇಕು. ಹೀಗಿರುವಾಗ 'ಸಾಕು' ಎಂದು ಹೇಳುವವರು ಯಾರು?

ಧರ್ಮದ ಕಡೆಯಿಂದ ಒಂದು ತಡೆ ಇತ್ತು. ಸಮುದ್ರದೊಳಗಿನ ಬಂಡೆಯ ಮೇಲೆ ನಿಂತ ಪ್ರಸಿದ್ಧ ತನಾ ಲೋಟ್ ದೇಗುಲದ ಸಮೀಪ ಗಾಲ್ಫ್ ಮೈದಾನದ ಸಮೇತ ಒಂದು ರೆಸಾರ್ಟ್ ಬರುತ್ತದೆಂದಾಗ ಭಾರಿ ಪ್ರತಿಭಟನೆ ನಡೆದು, 1994ರಲ್ಲಿ ಅಲ್ಲಿನ ಹಿಂದೂ ಪರಿಷತ್ತು ಒಂದು ನಿರ್ಣಯ ಹೊರಡಿಸಿತು. ದ್ವೀಪದ ಅತಿ ಮುಖ್ಯ ದೇಗುಲಗಳ ಸುತ್ತ 'ಅಪನೆಲೆಂಗ್ ಅಗುಂಗ್', ಅಂದರೆ ಒಂದು ದೊಡ್ಡ ನೋಟದ ದೂರ, ಪವಿತ್ರ ವಲಯ. ಅದನ್ನು 5 ಕಿಲೋಮೀಟರ್ ಎಂದು ಲೆಕ್ಕ ಹಾಕಿದರು. ತನಾ ಲೋಟ್‌ನಂಥ ಗುಡಿಗಳಿಗೆ ಸಣ್ಣ ನೋಟದ ದೂರ, 2 ಕಿಲೋಮೀಟರ್. ಎಂಥ ಸುಂದರ ಅಳತೆ! ದೇವರ ಕಣ್ಣಿಗೆ ಬೀಳುವಷ್ಟು ದೂರ ಮನುಷ್ಯ ಸುಮ್ಮನಿರಬೇಕು. ಆ ರೆಸಾರ್ಟ್ ಮಾತ್ರ ಒಂದಿಷ್ಟು ಬದಲಾವಣೆಗಳೊಂದಿಗೆ ಎದ್ದೇಬಿಟ್ಟಿತು. 2009ರ ಪ್ರಾಂತೀಯ ಭೂಬಳಕೆ ಕಾಯಿದೆ ಈ ವಲಯಗಳಿಗೆ ಕಾನೂನಿನ ಬಲ ಕೊಟ್ಟಾಗ ಅದನ್ನು ವಿರೋಧಿಸಿದವರಲ್ಲಿ ಜಿಲ್ಲೆಗಳ ಮುಖ್ಯಸ್ಥರೇ ಮುಂದಿದ್ದರು.

ಕಟ್ಟಡ ಅಡ್ಡಡ್ಡ ಬೆಳೆದಾಗ ಮೊದಲು ನುಂಗಿದ್ದು ಗದ್ದೆಯನ್ನು. ಬಾಲಿಯಲ್ಲಿ ಗದ್ದೆಯೆಂದರೆ ಒಬ್ಬೊಬ್ಬರ ಸೊತ್ತಷ್ಟೇ ಅಲ್ಲ. ಒಂದೇ ಕಾಲುವೆಯ ನೀರುಣ್ಣುವ ರೈತರೆಲ್ಲ ಸೇರಿದ 'ಸುಬಕ್' ಎಂಬ ಸಂಘವಿದೆ. ಅದಕ್ಕೊಂದು ನೀರಿನ ಗುಡಿಯಿದೆ. ಯಾವಾಗ ನಾಟಿ, ಯಾವಾಗ ಹೊಲ ಖಾಲಿ ಬಿಡುವುದು ಎಂಬುದು ಆ ಗುಡಿಯ ಪಂಚಾಂಗದ ಪ್ರಕಾರ, ಎಲ್ಲರಿಗೂ ಒಟ್ಟಿಗೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಅಧಿಕಾರಿಗಳು ಇದನ್ನು ಮೂಢನಂಬಿಕೆಯೆಂದು ಬದಿಗೆ ಸರಿಸಿ, ವರ್ಷವಿಡೀ ಬೆಳೆಯಿರಿ ಎಂದರು. ಕೀಟಗಳು ಒಂದು ಗದ್ದೆಯಿಂದ ಇನ್ನೊಂದಕ್ಕೆ ಬಿಡುವಿಲ್ಲದೆ ಹಬ್ಬಿ ಬೆಳೆ ನಾಶವಾಯಿತು. ಒಟ್ಟಿಗೆ ಖಾಲಿ ಬಿಟ್ಟಾಗ ಕೀಟಕ್ಕೆ ಆಹಾರವಿಲ್ಲ, ಗುಡಿಯ ಪಂಚಾಂಗದ ಹಿಂದೆ ಈ ಜಾಣತನವಿದೆ ಎಂದು ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಆಮೇಲೆ ತೋರಿಸಿಕೊಟ್ಟರು. 2012ರಲ್ಲಿ ಯುನೆಸ್ಕೊ ಸುಬಕ್ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ ಮೇಲೆ ಜತಿಲುವಿಯ ಮೆಟ್ಟಿಲುಗದ್ದೆಗಳನ್ನು ನೋಡಲು ಬಸ್ಸುಗಟ್ಟಲೆ ಜನ ಬಂದರು, ಅವರಿಗೆ ಊಟ ಬಡಿಸಲು ಗದ್ದೆಯ ಬದಿಯಲ್ಲೇ ಹೋಟೆಲುಗಳು ಬಂದವು. ಕಾಲುವೆಯ ತಲೆಯಲ್ಲಿ ಒಬ್ಬ ರೈತ ಗದ್ದೆ ಮಾರಿದರೆ ಕೆಳಗಿನವರ ನೀರಿನ ಸರದಿ ಕೆಡುತ್ತದೆ, ಕೆಳಗಿನವನೂ ಮಾರುತ್ತಾನೆ. ಇತ್ತ ದಕ್ಷಿಣ ಕರಾವಳಿಯಲ್ಲಿ ಹೋಟೆಲುಗಳು ಕೊಳವೆಬಾವಿ ಕೊರೆದು ಸಿಹಿನೀರನ್ನು ಎಳೆದಷ್ಟೂ ಕಡಲ ಉಪ್ಪುನೀರು ನೆಲದೊಳಗೆ ನುಗ್ಗುತ್ತಿದೆ.

ಮೀನುಗಾರರ ಕಾವಲು

ಇದಕ್ಕೆ ವ್ಯತಿರಿಕ್ತವಾದ ಕಥೆಯೊಂದು ಅದೇ ದ್ವೀಪದ ವಾಯವ್ಯ ಮೂಲೆಯಲ್ಲಿ ನಡೆದಿದೆ. ಪೆಮುತೆರಾನ್ ಎಂಬುದು ಮಳೆ ಕಡಿಮೆಯ, ಬಡ ಮೀನುಗಾರರ ಹಳ್ಳಿ. 1997-98ರ ಏಷ್ಯಾದ ಆರ್ಥಿಕ ಕುಸಿತದ ಕಾಲಕ್ಕೆ ಹೊಟ್ಟೆಪಾಡಿಗೆ ಇಳಿದವರು ಸಿಡಿಮದ್ದು ಎಸೆದು, ಸಯನೈಡ್ ಚೆಲ್ಲಿ ಮೀನು ಹಿಡಿದರು. ಹವಳದ ದಿಬ್ಬಗಳು ಪುಡಿಯಾದವು. 1998ರಲ್ಲಿ ಸಮುದ್ರ ಕಾದು ಉಳಿದ ಹವಳವೂ ಬಿಳಿಚಿಕೊಂಡಿತು. ಹವಳ ಹೋದ ಮೇಲೆ ಮೀನೂ ಹೋಯಿತು.

2000ದಲ್ಲಿ ಇಬ್ಬರು ವಿದೇಶಿಯರು, ಜರ್ಮನ್ ವಾಸ್ತುಶಿಲ್ಪಿ ವುಲ್ಫ್ ಹಿಲ್ಬರ್ಟ್ಸ್ ಹಾಗೂ ಹವಳತಜ್ಞ ಥಾಮಸ್ ಗೊರೊ, ಇಲ್ಲಿ ಒಂದು ವಿಚಿತ್ರ ಪ್ರಯೋಗಕ್ಕೆ ಕೈಹಾಕಿದರು. ಕಬ್ಬಿಣದ ಸರಳುಗಳಿಂದ ಗುಮ್ಮಟ, ಸುರಂಗಗಳ ಆಕಾರದ ಚೌಕಟ್ಟು ಮಾಡಿ ಸಮುದ್ರದ ತಳಕ್ಕೆ ಇಳಿಸುವುದು. ದಡದಿಂದ ತಂತಿ ಎಳೆದು ಅದರಲ್ಲಿ ತೀರ ಕಡಿಮೆ ಒತ್ತಡದ ವಿದ್ಯುತ್ ಹರಿಸುವುದು. ಈಜುವವನಿಗೆ ಅದು ತಟ್ಟುವುದೂ ಇಲ್ಲ. ಆದರೆ ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣದಂಶ ಕಬ್ಬಿಣದ ಮೇಲೆ ಪದರ ಪದರವಾಗಿ ಕೂರುತ್ತದೆ. ಅದಕ್ಕೆ ಒಡೆದ ಹವಳದ ತುಂಡು ಕಟ್ಟಿದರೆ ಬೇಗ ಬೇರೂರಿ ಬೆಳೆಯುತ್ತದೆ. 'ಕರಂಗ್ ಲೆಸ್ತಾರಿ' ಎಂಬ ಹೆಸರಿನ ಈ ಕೆಲಸ ಅಂಥ ಹತ್ತಾರು ಚೌಕಟ್ಟುಗಳ ತೋಟವಾಗಿ ಹಬ್ಬಿತು. ಮೀನು ಮರಳಿತು, ಮೀನು ನೋಡಲು ಮುಳುಗುವ ಪ್ರವಾಸಿಗಳೂ ಬಂದರು. 2012ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ 'ಈಕ್ವೇಟರ್' ಪ್ರಶಸ್ತಿ ಇದಕ್ಕೆ ಬಂತು.

ವಿದ್ಯುತ್ತಿನ ಚಮತ್ಕಾರ ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾಯಿತು. ಅದಕ್ಕಿಂತ ಮುಖ್ಯವಾದದ್ದು ಕಾವಲು. ಬಾಲಿಯ ಹಳ್ಳಿಗಳಲ್ಲಿ ಹಬ್ಬಹರಿದಿನಗಳಲ್ಲಿ ಚೌಕುಳಿ ಬಟ್ಟೆ ಉಟ್ಟು ರಸ್ತೆ ಕಾಯುವ 'ಪೆಚಾಲಾಂಗ್' ಎಂಬ ಊರಕಾವಲಿನವರಿದ್ದಾರೆ. ಪೆಮುತೆರಾನಿನವರು ಇದನ್ನೇ ಸಮುದ್ರಕ್ಕೆ ವಿಸ್ತರಿಸಿ 'ಕಡಲ ಪೆಚಾಲಾಂಗ್' ಮಾಡಿಕೊಂಡರು. ಕಾಯುವವರು ಅಲ್ಲಿಯ ಮೀನುಗಾರರೇ. ಖರ್ಚಿಗೆ ಹೋಟೆಲಿನವರೂ ಮುಳುಗು ಹಾಕುವ ಪ್ರವಾಸಿಗಳೂ ಹಣ ಕೊಡುತ್ತಾರೆ. ಹವಳ ಸತ್ತರೆ ಹೋಟೆಲಿನವನಿಗೂ ನಷ್ಟ, ಮೀನುಗಾರನಿಗೂ ನಷ್ಟ ಎಂಬಲ್ಲಿಗೆ ಇಬ್ಬರ ಹಿತವೂ ಒಂದೇ ಗಂಟಿಗೆ ಬಿತ್ತು. ಕುಟಾದಲ್ಲಿ ಈ ಗಂಟು ಎಂದೂ ಬೀಳಲಿಲ್ಲ.

ಇನ್ನೊಂದು ಗೆಲುವು ಬೆನೋವಾ ಕೊಲ್ಲಿಯದು. ವಿಮಾನ ನಿಲ್ದಾಣದ ಪಕ್ಕದ ಈ ಕಾಂಡ್ಲಾಕಾಡಿನ ಕೊಲ್ಲಿಯಲ್ಲಿ ಸುಮಾರು 700 ಹೆಕ್ಟೇರ್ ಮಣ್ಣು ತುಂಬಿ ಹೋಟೆಲು, ಮನರಂಜನಾ ದ್ವೀಪಗಳನ್ನು ಕಟ್ಟುವ ಯೋಜನೆಗೆ ಅನುಕೂಲವಾಗುವಂತೆ 2014ರಲ್ಲಿ ರಾಷ್ಟ್ರಾಧ್ಯಕ್ಷರು ಅದರ ಸಂರಕ್ಷಣೆಯ ಸ್ಥಾನಮಾನವನ್ನೇ ಬದಲಿಸಿದರು. ವಿರೋಧಿಸಿ ರಸ್ತೆಗಿಳಿದವರಲ್ಲಿ ಪರಿಸರವಾದಿಗಳು, ಪಂಕ್ ಸಂಗೀತಗಾರರು ಇದ್ದರು. ಕೊಲ್ಲಿಯೊಳಗೆ ತಮ್ಮ ಪವಿತ್ರ ಸ್ಥಳಗಳಿವೆ ಎಂದ ಸಂಪ್ರದಾಯಸ್ಥ ಗ್ರಾಮಸಭೆಗಳೂ ಒಂದೊಂದಾಗಿ ಬಂದು ಸೇರಿದವು. ಗಿಟಾರಿನವರೂ ಗುಡಿಯವರೂ ಒಂದೇ ಮೆರವಣಿಗೆಯಲ್ಲಿ ನಡೆದದ್ದು ಅಪರೂಪದ ನೋಟ. 2018ರಲ್ಲಿ ಕಂಪನಿಯ ಅನುಮತಿಯ ಅವಧಿ ತೀರಿತು. 2019ರಲ್ಲಿ ಸಾಗರ ಖಾತೆಯ ಸಚಿವೆ ಸುಸಿ ಪುಜಿಯಾಸ್ತುತಿ ಕೊಲ್ಲಿಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು.

ಮತ್ತೆ ತುಂಬಿದ ದ್ವೀಪ

ಕೊರೊನಾದ ಎರಡು ವರ್ಷ ದ್ವೀಪಕ್ಕೆ ಯೋಚಿಸಲು ಸಿಕ್ಕ ಬಿಡುವು ಎಂದು ಕೆಲವರು ಭಾವಿಸಿದರು. ಪೂರ್ವದ ಲೆಂಬೊಂಗಾನ್ ಪುಟ್ಟ ದ್ವೀಪದಲ್ಲಿ ಅದು ಕಣ್ಣಿಗೆ ಕಾಣುವಂತಿತ್ತು. ಅಲ್ಲಿನವರು 1980ರ ದಶಕದಿಂದ ಸಮುದ್ರಪಾಚಿ ಬೆಳೆಯುತ್ತಿದ್ದರು. ಪ್ರವಾಸಿಗರ ದೋಣಿಗಳು ಹೆಚ್ಚಿದಂತೆ ಅದನ್ನು ಕೈಬಿಟ್ಟಿದ್ದರು. 2020ರಲ್ಲಿ ದೋಣಿಗಳು ನಿಂತಾಗ ಅದೇ ಜನ ಮೊಣಕಾಲು ನೀರಿನಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ, ಮತ್ತೆ ಪಾಚಿಯ ಬೆಳೆ ತೆಗೆದರು. ಪ್ರವಾಸಿಗರು ಮರಳಿದ ಮೇಲೆ ಈಗ ಸಮಸ್ಯೆಯೂ ಮರಳಿದೆ: ಒಂದೇ ನೀರಿನಲ್ಲಿ ಪಾಚಿಯ ಹಗ್ಗಕ್ಕೂ ದೋಣಿಯ ಯಂತ್ರಕ್ಕೂ ಜಾಗ ಎಲ್ಲಿ?

2024ರಲ್ಲಿ ವಿದೇಶಿ ಪ್ರವಾಸಿಗರ ಸಂಖ್ಯೆ 63 ಲಕ್ಷ ಮುಟ್ಟಿ 2019ರ ದಾಖಲೆಯನ್ನು ಮುರಿಯಿತು. ಆಸ್ಟ್ರೇಲಿಯದವರ ನಂತರದ ಸ್ಥಾನ ಭಾರತೀಯರದು. ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಆರಂಭವಾಯಿತು. ಮಧುಚಂದ್ರಕ್ಕೆ ಊಟಿ, ಕೊಡೈಕೆನಾಲ್ ಎನ್ನುತ್ತಿದ್ದ ಮನೆಗಳಲ್ಲಿ ಈಗ ಬಾಲಿಯ ಮಾತು.

ಈ ಸಲ ಆಡಳಿತ ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಇಬ್ಬರು ಶಾಲಾ ಬಾಲಕಿಯರು, ಮೆಲಾತಿ ಮತ್ತು ಇಸಾಬೆಲ್ ವೈಸನ್ ಎಂಬ ಅಕ್ಕತಂಗಿಯರು, 2013ರಲ್ಲಿ ಆರಂಭಿಸಿದ ಪ್ಲಾಸ್ಟಿಕ್ ಚೀಲದ ವಿರುದ್ಧದ ಚಳವಳಿ, 2017ರಲ್ಲಿ ಕಡಲತೀರದಲ್ಲಿ 'ಕಸದ ತುರ್ತುಸ್ಥಿತಿ' ಘೋಷಿಸಬೇಕಾಗಿ ಬಂದ ಅವಮಾನ, ಇವೆಲ್ಲದರ ನಂತರ ಪ್ಲಾಸ್ಟಿಕ್ ಚೀಲ, ಹೀರುಗೊಳವೆಗಳ ಮೇಲೆ 2019ರಿಂದ ನಿಷೇಧ ಜಾರಿಗೆ ಬಂತು. 2024ರ ಫೆಬ್ರವರಿ 14ರಿಂದ ಪ್ರತಿ ವಿದೇಶಿ ಪ್ರವಾಸಿಯೂ ಒಂದೂವರೆ ಲಕ್ಷ ರೂಪಿಯಾ ಕಟ್ಟಬೇಕು. ಲಕ್ಷವೆಂದು ಬೆಚ್ಚಬೇಕಿಲ್ಲ, ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗೂ ಕಡಿಮೆ. ಸಂಸ್ಕೃತಿ ಮತ್ತು ಪರಿಸರದ ರಕ್ಷಣೆಗೆಂದು ಮೀಸಲಿಟ್ಟ ಹಣ ಇದು. ಆದರೆ ವಿಮಾನ ನಿಲ್ದಾಣದಲ್ಲಿ ಎಲ್ಲರನ್ನೂ ತಡೆದು ಕೇಳುವ ಏರ್ಪಾಡಿಲ್ಲದ್ದರಿಂದ ಬಹಳಷ್ಟು ಜನ ಕಟ್ಟದೆಯೇ ಹೊರಟುಹೋಗುತ್ತಾರೆ.

2025ರ ಸೆಪ್ಟೆಂಬರಿನಲ್ಲಿ ಧಾರಾಕಾರ ಮಳೆ ಸುರಿದು ರಾಜಧಾನಿ ಡೆನ್‌ಪಸಾರ್ ಮತ್ತು ಸುತ್ತಣ ಪ್ರದೇಶ ಮುಳುಗಿತು. ಹದಿನೈದಕ್ಕೂ ಹೆಚ್ಚು ಜನ ಸತ್ತರು. ನೀರು ಇಂಗುವ ಗದ್ದೆಗಳು ಕಾಂಕ್ರೀಟಾದದ್ದು, ಹೊಳೆಯ ಅಂಚಿನವರೆಗೆ ಕಟ್ಟಡ ಬಂದದ್ದು, ಕಸ ಕಟ್ಟಿದ ಚರಂಡಿಗಳು, ಎಲ್ಲವೂ ಚರ್ಚೆಗೆ ಬಂದವು. ಉಳುಮೆಯ ಭೂಮಿಯಲ್ಲಿ ಹೊಸ ಹೋಟೆಲು, ಉಪಾಹಾರಗೃಹಗಳಿಗೆ ಇನ್ನು ಅನುಮತಿಯಿಲ್ಲ ಎಂದು ಗವರ್ನರ್ ವಯಾನ್ ಕೋಸ್ಟರ್ ಪ್ರಕಟಿಸಿದರು. ಅನುಮತಿಯ ಅರ್ಜಿಗಳಾದರೋ ಈಗ ಜಕಾರ್ತಾದ ಕಂಪ್ಯೂಟರ್ ವ್ಯವಸ್ಥೆಯ ಮೂಲಕವೂ ಹಾದುಹೋಗುತ್ತವೆ. ಅದರಿಂದಾಗಿ ಸ್ಥಳೀಯ ಆಡಳಿತಕ್ಕೆ ಹಿಡಿತ ತಪ್ಪಿದೆಯೆಂಬ ದೂರು ಗವರ್ನರರದೇ.

ವರ್ಷಕ್ಕೊಮ್ಮೆ, ಬಾಲಿಯ ಶಕ ಪಂಚಾಂಗದ ಹೊಸ ವರ್ಷದ ದಿನ, ದ್ವೀಪ 'ನ್ಯೆಪಿ' ಆಚರಿಸುತ್ತದೆ. ಅಂದು ಬೆಂಕಿಯಿಲ್ಲ, ದೀಪವಿಲ್ಲ, ಕೆಲಸವಿಲ್ಲ, ಪ್ರಯಾಣವಿಲ್ಲ. ಪ್ರವಾಸಿಗರೂ ಹೋಟೆಲು ಬಿಟ್ಟು ಹೊರಬರುವಂತಿಲ್ಲ. ಪೆಚಾಲಾಂಗ್‌ಗಳು ರಸ್ತೆ ಕಾಯುತ್ತಾರೆ. ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಪೂರ್ತಿ ಇಪ್ಪತ್ತನಾಲ್ಕು ಗಂಟೆ ಮುಚ್ಚುತ್ತದೆ. 2020ರಲ್ಲಿ ನ್ಯೆಪಿ ಬಂದದ್ದು ಮಾರ್ಚ್ 25ರಂದು, ಭಾರತದಲ್ಲಿ ಲಾಕ್‌ಡೌನ್ ಶುರುವಾದ ದಿನವೇ. ಮರುದಿನವೂ ಮನೆಯಲ್ಲೇ ಇರಿ ಎಂದು ಗವರ್ನರ್ ಕೋರಿದಾಗ ಬಾಲಿಯವರಿಗೆ ಹೊಸದೇನನ್ನೂ ಕಲಿಯಬೇಕಾಗಿರಲಿಲ್ಲ.